ಹೊಸನಗರದಲ್ಲಿ ಹಾಡಿದ್ದು ಯಾರು?

"ನಾನು ಹಾಡೇ ಇಲ್ಲ ಅಂತ ಊರೆಲ್ಲ ಹೇಳ್ತಿದೆ ಯಮುನಮ್ಮಾ. ನಾನು ಹಾಡಿದ್ದೆ. ಹಾಗಾದ್ರೆ ಆ ಇನ್ನೊಂದು ಧ್ವನಿ ಹಾಕಿದ್ದು ಯಾರು? ಅದನ್ನ ಹುಡುಕಿ ಕೊಡಿ. ಇಲ್ಲದಿದ್ರೆ ನಾನು ಇನ್ನು ಮೈಕ್ ಮುಟ್ಟಲ್ಲ."

ಸುಘೋಷ ಹೀಗೆಂದು ಜಗಲಿಯ ಮೇಲೆ ಕುಸಿದು ಕೂತ. ಯಮುನಮ್ಮ ಮಾವಿನ ಮಿಡಿಗೆ ಉಪ್ಪು ಬೆರೆಸುತ್ತಿದ್ದರು, ತಲೆ ಎತ್ತಲಿಲ್ಲ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಸುಘೋಷನಿಗೇ ಇಂಥ ಗತಿ ತಂದಿಟ್ಟವನು ನನ್ನ ಕೈಗೆ ಸಿಕ್ಕಿದ್ದರೆ ಆವತ್ತು ಒಂದು ಕೈ ನೋಡಿಕೊಳ್ಳುತ್ತಿದ್ದೆ.

ನಾನು ಗೋವಿಂದ. ಸಾಗರದ ಖಾಸಗಿ ಬಸ್ ನಿಲ್ದಾಣದಲ್ಲಿ ಏಜೆಂಟನಾಗಿ "ಹೊಸನಗರ, ತೀರ್ಥಹಳ್ಳಿ, ಹತ್ತಿ ಹತ್ತಿ" ಎಂದು ಕೂಗಿಯೇ ಸಂಸಾರ ಸಾಕಿದವನು. ಯಮುನಮ್ಮ ಪೊಲೀಸ್ ಪೇದೆಯಾಗಿ ಸೇರಿ ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಠಾಣೆ ಬಿಟ್ಟರೂ ಊರಿನ ಕಗ್ಗಂಟುಗಳು ಅವರನ್ನು ಬಿಡಲಿಲ್ಲ. ಅವರು ಹೋಗಬೇಕಾದಲ್ಲಿಗೆ ನನ್ನ ಹಳೇ ಓಮ್ನಿಯಲ್ಲಿ ಕರೆದೊಯ್ಯುತ್ತೇನೆ. ಕಾರು ನನ್ನದು, ತಲೆ ಅವರದು. ಅವರಲ್ಲಿ ಒಂದೇ ಕೊರತೆ, ಹಾಡೆಂದರೆ ಅಷ್ಟಕ್ಕಷ್ಟೆ. ನಾನು ಕಾರಿನಲ್ಲಿ ಸುಘೋಷನ ಹಾಡು ಹಾಕಿದರೆ ಕಿಟಕಿ ಇಳಿಸಿ ಹೊರಗೆ ನೋಡುತ್ತಿದ್ದರು.

ಸುಘೋಷ ಯಾರೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮೇಗರವಳ್ಳಿ ಮೇಷ್ಟರ ಮಗ. ಕಾಲೇಜಿನ ಕಾಲದಲ್ಲೇ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೇರಿಸಿದ. ಸಾಗರದ ಬಡಗಿ ತಿಮ್ಮಣ್ಣನನ್ನು ಡ್ರಮ್ಸಿಗೆ ಕೂರಿಸಿದ, ಜೋಗದ ಕೃಷ್ಣಕುಮಾರನ ಕೈಗೆ ಬ್ಯಾಸ್ ಗಿಟಾರ್ ಕೊಟ್ಟ, 'ಹಿನ್ನೀರು' ಎಂದು ಬ್ಯಾಂಡ್ ಕಟ್ಟಿದ. ಕನ್ನಡದಲ್ಲಿ ರಾಕ್ ಎಂತ ಮಾರಾಯ ಎಂದು ನಕ್ಕವರ ಮಕ್ಕಳೆಲ್ಲ ಆಮೇಲೆ ಅವನ ಹಾಡು ಬಾಯಿಪಾಠ ಮಾಡಿದರು. ಒಮ್ಮೆ ಜೋಗದಲ್ಲಿ, ನಾಡಿಗೆಲ್ಲ ಕರೆಂಟು ಕೊಡುವ ಆ ಊರಿನಲ್ಲೇ, ಕಾರ್ಯಕ್ರಮದ ನಡುವೆ ಕರೆಂಟು ಹೋಯಿತು. ಅವನು ಮೈಕ್ ಬದಿಗಿಟ್ಟು ಬರೀ ಗಂಟಲಲ್ಲಿ ಹಾಡು ಮುಗಿಸಿದ. ಕೊನೇ ಸಾಲಿನಲ್ಲಿದ್ದ ನನಗೆ ಪ್ರತಿ ಶಬ್ದವೂ ಕೇಳಿತ್ತು. ಟೀವಿಯವರು ಕರೆದು, ರೆಕಾರ್ಡ್ ಹಾಕ್ತೀವಿ, ಬಾಯಿ ಆಡಿಸಿ ಸಾಕು ಅಂದಾಗ ಗಿಟಾರ್ ಪೆಟ್ಟಿಗೆ ಮುಚ್ಚಿ ಎದ್ದು ಬಂದ. ಹಾಡಿದರೆ ಸ್ವಂತ ಗಂಟಲಲ್ಲೇ ಹಾಡುವುದು, ಅಂಥವನು ಆಯುಷ್ಯವಿಡೀ ಕಾಪಾಡಿಕೊಂಡು ಬಂದಿದ್ದು ಅದೊಂದು ಮಾತನ್ನೇ. ನಾವೆಲ್ಲ ಅವನನ್ನು ಏಕವಚನದಲ್ಲೇ ಕರೆಯುತ್ತೇವೆ, ಅವನು ನಮ್ಮವನು.

ಆದದ್ದು ಇಷ್ಟು. ಶನಿವಾರ ಹೊಸನಗರದಲ್ಲಿ ಹಿನ್ನೀರಿನ ಕಾರ್ಯಕ್ರಮವಿತ್ತು. ಕಿಕ್ಕಿರಿದ ಜನ. 'ನೀರು ಏರ್ತಾ ಇದೆ' ಹಾಡಿನ ಮೂರನೇ ಚರಣದಲ್ಲಿ ಸುಘೋಷನಿಗೆ ಕೆಮ್ಮು ಬಂತು. ಮೈಕ್ ಬಿಟ್ಟು ಪಕ್ಕಕ್ಕೆ ತಿರುಗಿದ. ಅವನು ತಿರುಗಿದರೂ ಅವನ ಧ್ವನಿ ದೊಡ್ಡ ಸ್ಪೀಕರುಗಳಲ್ಲಿ ಹಾಡುತ್ತಲೇ ಇತ್ತು. ಬೆಳಗಾಗುವುದರೊಳಗೆ ಆ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಅಜ್ಜ ಇಷ್ಟು ವರ್ಷ ಬಾಯಿ ಆಡಿಸಿದ್ದೇ ಹೌದು ಎಂದು ಬರೆದವರಿಗೆ ಲೆಕ್ಕವಿಲ್ಲ. ಮುಂದಿನ ಶನಿವಾರ ತೀರ್ಥಹಳ್ಳಿಯಲ್ಲಿ ಕಾರ್ಯಕ್ರಮ ಗೊತ್ತಾಗಿತ್ತು.

ಸುಘೋಷನ ಮಗಳು ವಿಭಾ ಜೊತೆಗೆ ಬಂದಿದ್ದಳು. ಬ್ಯಾಂಡಿನ ವ್ಯವಹಾರ ನೋಡುವವಳು ಅವಳೇ. ಅವಳು ಫೋನಿನಲ್ಲಿ ವಿಡಿಯೋ ತೋರಿಸಿದಳು. ಯಮುನಮ್ಮ ಕೈ ತೊಳೆದು ಬಂದು, ಮೊದಲು ಸದ್ದು ಪೂರ್ತಿ ಬಂದ್ ಮಾಡಿಸಿ ನೋಡಿದರು. ಆರಂಭದಲ್ಲಿ ಇಡೀ ವೇದಿಕೆ ಕಾಣುತ್ತಿತ್ತು. ಮಾರ್ಚ್ ತಿಂಗಳ ಸೆಕೆಗೆ ಎಲ್ಲರ ಅಂಗಿಯೂ ಬೆನ್ನಿಗೆ ಅಂಟಿತ್ತು. ಹೊಸ ಹುಡುಗ ಅಭಿರಾಮ ಗಿಟಾರ್ ಹಿಡಿದು ವೇದಿಕೆಯ ಅಂಚಿನಲ್ಲಿ, ಕೃಷ್ಣಕುಮಾರ ಎಡಕ್ಕೆ, ತಿಮ್ಮಣ್ಣ ಹಿಂದೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಡ್ರಮ್ಸ್ ಬಾರಿಸುತ್ತ. ನಾನು ಅವನನ್ನು ನೋಡಿ ನಕ್ಕೆ. ನಮ್ಮ ಕಡೆ ಮಫ್ಲರ್ ಸುತ್ತಲು ಚಳಿಯೇ ಬೇಕೆಂದೇನಿಲ್ಲ.

ಆಮೇಲೆ ಸದ್ದು ಇಟ್ಟು ನೋಡಿದರು. ಕೆಮ್ಮು, ತಿರುಗಿದ ಮುಖ, ಹಾಡುತ್ತಲೇ ಇರುವ ಧ್ವನಿ. ಎರಡು ಸಾಲಾದ ಮೇಲೆ ಧ್ವನಿ ಒಮ್ಮೆ ನಿಂತಿತು, ಡ್ರಮ್ಸ್ ಮಾತ್ರ ಕೇಳುತ್ತಿತ್ತು. ಮತ್ತೆ ಒಂದು ಸಾಲು ಹಾಡಿ ಧ್ವನಿ ಫಕ್ಕನೆ ಕಡಿದುಹೋಯಿತು.

"ನಡುವೆ ನಿಂತಿತಲ್ಲ, ಅದೆಂತ? ಮೆಷಿನ್ ಕೆಟ್ಟಿದ್ದಾ?" ಯಮುನಮ್ಮ ಕೇಳಿದರು.

ಅಲ್ಲ ಎಂದು ನಾನೇ ವಿವರಿಸಿದೆ. ಆ ಜಾಗದಲ್ಲಿ ಸುಘೋಷ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾದ ಒಂದು ಊರಿನ ಹೆಸರು ಹೇಳುತ್ತಾನೆ. ಕಾರ್ಯಕ್ರಮಕ್ಕೆ ಮುಂಚೆ ಜನರ ನಡುವೆ ಓಡಾಡಿ, ಊರು ಕಳೆದುಕೊಂಡವರೊಬ್ಬರನ್ನು ಹುಡುಕಿ, ಅವರ ಬಾಯಿಂದಲೇ ಆ ಹೆಸರು ಪಡೆಯುತ್ತಾನೆ. ಪ್ರತಿಸಲ ಬೇರೆ ಊರು. ಯಾವ ಹೆಸರು ಬರುತ್ತದೆಂದು ಬ್ಯಾಂಡಿನವರಿಗೂ ಗೊತ್ತಿರುವುದಿಲ್ಲ. ಅವತ್ತು ಕನ್ನಮ್ಮ ಎಂಬ ಮುದುಕಿ ತನ್ನ ಊರಿನ ಹೆಸರು ಕೊಟ್ಟು ಮುಂದಿನ ಸಾಲಿನಲ್ಲೇ ಕಾದು ಕೂತಿದ್ದಳಂತೆ. ಅದನ್ನು ಹೇಳುವಾಗ ಸುಘೋಷ ಮುಖ ಮುಚ್ಚಿಕೊಂಡ. ಕಮೆಂಟು ಹಾಕಿದವರಿಗಿಂತ ಆ ಮುದುಕಿಗೆ ತಾನು ಮೋಸಗಾರನಂತೆ ಕಂಡೆನಲ್ಲ ಎಂಬುದೇ ಅವನನ್ನು ಸುಡುತ್ತಿತ್ತು.

"ಹಳೇ ಕ್ಯಾಸೆಟ್ಟಿನ ಧ್ವನಿ ಇರಬಹುದಾ?" ಎಂದು ಯಮುನಮ್ಮ ನನ್ನನ್ನೇ ಕೇಳಿದರು.

ಸಾಧ್ಯವೇ ಇಲ್ಲ ಅಂದೆ. ವಯಸ್ಸಿಗೆ ತಕ್ಕಂತೆ ಸುಘೋಷ ಈ ವರ್ಷವಷ್ಟೇ ಶ್ರುತಿ ಇಳಿಸಿದ್ದ. ವಿಡಿಯೋದ ಧ್ವನಿ ಇಳಿಸಿದ ಶ್ರುತಿಯಲ್ಲೇ ಇತ್ತು, ಗಿಟಾರಿಗೆ ಸರಿಯಾಗಿ ಹೊಂದಿತ್ತು. ಮಾತು ಬಂತೆಂದು ನನ್ನ ಇನ್ನೊಂದು ದೂರನ್ನೂ ಹೇಳಿಬಿಟ್ಟೆ. ಮೊದಲೆಲ್ಲ ಆ ಹಾಡು ಕೊನೆಗೆ ಬರುವಾಗ ಓಡುತ್ತಿತ್ತು. ನೀರು ಏರಿದಂತೆ ತಾಳವೂ ಏರಿ, ಜನ ಕುಣಿದು ಕುಣಿದು ಸುಸ್ತಾಗುತ್ತಿದ್ದರು. ಈ ವರ್ಷದ ಕಾರ್ಯಕ್ರಮಗಳಲ್ಲಿ ಹಾಡು ಮೊದಲಿಂದ ಕೊನೆಯವರೆಗೂ ಒಂದೇ ನಡಿಗೆ. ವಯಸ್ಸಾಯಿತು ಪಾಪ ಎಂದು ಸುಮ್ಮನಿದ್ದೆ. ಸುಘೋಷ ನನ್ನನ್ನು ದುರುಗುಟ್ಟಿ ನೋಡಿದ. ಯಮುನಮ್ಮ ಮಾತ್ರ, ನಾನು ಹಾಡಿನ ಬಗ್ಗೆ ಆಡಿದ್ದನ್ನು ಮೊದಲ ಬಾರಿ ಪೂರ್ತಿ ಕೇಳಿಸಿಕೊಂಡರು.

ಅಲ್ಲಿಂದ ಸೀದಾ ಕಿರಣನ ಅಂಗಡಿಗೆ ಹೋದೆವು. ಸಾಗರದಲ್ಲಿ ಸೌಂಡ್ ಸಿಸ್ಟಂ ಬಾಡಿಗೆ ಕೊಡುವ ಹುಡುಗ ಅವನು, ಹಿನ್ನೀರಿಗೂ ಅವನದೇ ಸೌಂಡ್. ಯಾರೋ ಕಲ್ಲು ಹೊಡೆದು ಬೋರ್ಡು ಒಡೆದಿದ್ದರು. ಅವನೇ ಮಾಡಿದ್ದು ಎಂದು ಊರು ತೀರ್ಮಾನಿಸಿ ಆಗಿತ್ತು. ನಿಜ ಹೇಳಬೇಕೆಂದರೆ ನಾನೂ ತೀರ್ಮಾನಿಸಿದ್ದೆ. ತಿಂಗಳ ಹಿಂದಷ್ಟೇ ಸುಘೋಷ ಎಲ್ಲರೆದುರು ಅವನನ್ನು ಬೈದಿದ್ದ.

ಹುಡುಗ ಅಳುವುದೊಂದು ಬಾಕಿ. ತನ್ನ ಮಿಕ್ಸರಿನ ಮುಂದೆ ನಮ್ಮನ್ನು ಕೂರಿಸಿ ಒಂದೊಂದೇ ಗುಂಡಿ ತೋರಿಸಿದ. ಇದು ಸುಘೋಷನ ಮೈಕಿನದು, ಇವು ಗಿಟಾರುಗಳವು, ಇವು ಡ್ರಮ್ಸಿನ ಮೈಕುಗಳು. ಕೊನೆಯದು ನೀರಿನ ಸದ್ದಿನ ಲೈನು. ಆ ಹಾಡಿನ ಉದ್ದಕ್ಕೂ ಹಿನ್ನೆಲೆಯಲ್ಲಿ ನೀರಿನ ಸದ್ದು ಬರುತ್ತದೆ. ಅದನ್ನು ತುಂಬಿಟ್ಟ ಒಂದು ಪ್ಯಾಡ್ ವೇದಿಕೆಯ ಮೇಲಿರುತ್ತದೆ, ಕೋಲಿನಿಂದ ತಟ್ಟಿದರೆ ಸದ್ದು ಶುರು, ಮತ್ತೆ ತಟ್ಟಿದರೆ ಬಂದ್. ತಾನು ಬೇರೆ ಏನನ್ನೂ ಹಾಕಿಲ್ಲ ಎಂದು ಆಣೆ ಇಟ್ಟ.

"ಹಾಡೋರಿಗೆ ವೇದಿಕೆ ಮೇಲೆ ಎಂತೆಂತ ಕೇಳ್ಸುತ್ತೆ?" ಯಮುನಮ್ಮ ಕೇಳಿದರು.

"ಅವರ ಮೈಕು, ಒಂಚೂರು ಗಿಟಾರು. ಅಷ್ಟೇ ಮೇಡಂ. ನೀರಿನ ಸದ್ದು ತನಗೆ ಬೇಡ, ಜನಕ್ಕೆ ಮಾತ್ರ ಕೇಳ್ಲಿ ಅಂತಾರೆ."

ಬ್ಯಾಂಡಿನವರು ಅಭ್ಯಾಸ ಮಾಡುವುದು ತಿಮ್ಮಣ್ಣನ ಬಡಗಿ ಕೊಟ್ಟಿಗೆಯಲ್ಲಿ, ಬೆಳಗಿನ ಹೊತ್ತು. ಗರಗಸ, ಹಲಗೆಗಳ ನಡುವೆಯೇ ಡ್ರಮ್ಸ್ ಇಟ್ಟಿದ್ದ. ನಾವು ಹೋದಾಗ ಸುಘೋಷನನ್ನು ಬಿಟ್ಟು ಮೂವರೂ ಇದ್ದರು. ಅಭಿರಾಮ ನಮ್ಮನ್ನು ನೋಡಿದ್ದೇ ಮುಖ ಗಂಟಿಕ್ಕಿದ. ಸುಘೋಷ ಸರ್ ಧ್ವನಿ ಸಂಜೆ ಹೊತ್ತಿಗೆ ನಿಲ್ಲುತ್ತಿಲ್ಲ, ಮೇಲಿನ ಸ್ವರ ತನಗೆ ಬಿಟ್ಟುಕೊಡಲಿ ಎಂದು ತಾನು ಹಿಂದೆಯೇ ಹೇಳಿದ್ದಾಗಿ ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಂಡ. ನನಗೆ ಅವನ ಕಪಾಳಕ್ಕೊಂದು ಕೊಡಬೇಕೆನಿಸಿತು. ಹೊಸ ಹಾಡುಗಾರನಾಗುವ ಆಸೆ ಇದ್ದವನೇ ಹಳಬನ ಮಾನ ಕಳೆದಿರಬೇಕು, ಇದರಲ್ಲಿ ಯೋಚಿಸಲು ಏನಿದೆ?

ಕೃಷ್ಣಕುಮಾರನಿಗೂ ಒಳಗೊಳಗೇ ಮುನಿಸಿತ್ತು. ಅರ್ಧ ರಾಗಗಳು ತನ್ನವು, ಹೆಸರೆಲ್ಲ ಸುಘೋಷನಿಗೆ ಎಂದು ಗೊಣಗಿದ. ತಿಮ್ಮಣ್ಣ ಒಬ್ಬನೇ ಏನೂ ದೂರಲಿಲ್ಲ. ಮಜ್ಜಿಗೆ ತಂದುಕೊಟ್ಟು, ಸುಘೋಷ ಊಟ ಮಾಡಿದನಾ ಎಂದು ಎರಡು ಸಲ ಕೇಳಿದ. ಅವನ ಮಫ್ಲರ್ ಗೂಟಕ್ಕೆ ನೇತಾಡುತ್ತಿತ್ತು.

"ಕಿವಿ ನೋವು ವಾಸಿಯಾಯ್ತಾ?" ಯಮುನಮ್ಮ ವಿಚಾರಿಸಿದರು.

"ಎಂತ ನೋವು? ನಂಗೆ ಕಿವಿ ನೋವಿಲ್ಲ" ಎಂದವನು ತಟ್ಟನೆ ಖಾಲಿ ಲೋಟ ಎತ್ತಿಕೊಂಡು ಆಚೆ ಹೋದ. ನಾನು ಆಗ ಅಭಿರಾಮನನ್ನು ದಿಟ್ಟಿಸುವುದರಲ್ಲಿ ಮುಳುಗಿದ್ದೆ.

ವಾಪಸು ಬರುವಾಗ ಯಮುನಮ್ಮ ಕಾರಿನ ಕಿಟಕಿ ಏರಿಸಿ, ಆ ಹಾಡನ್ನು ಹಾಕು ಅಂದರು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಹಳೆಯ ರೆಕಾರ್ಡಿಂಗು ಹಾಕಿದೆ. ಕೊನೆಯ ಓಟದಲ್ಲಿ ಅವರ ಬೆರಳು ಮಂಡಿಯ ಮೇಲೆ ತಾಳ ಹಿಡಿಯಲು ಹೋಗಿ ಹಿಂದೆ ಬಿತ್ತು. ಸರಿ, ಸುಘೋಷನಿಗೆ ತೀರ್ಥಹಳ್ಳಿಗೆ ಬರಲು ಹೇಳು ಎಂದರು.

ಶನಿವಾರ ಮಧ್ಯಾಹ್ನ ತೀರ್ಥಹಳ್ಳಿಯ ತುಂಗಾ ತೀರದ ಮೈದಾನದಲ್ಲಿ ವೇದಿಕೆ ಸಿದ್ಧವಾಗಿತ್ತು. ಕುರ್ಚಿಗಳೆಲ್ಲ ಖಾಲಿ. ಯಮುನಮ್ಮ ಎಲ್ಲರನ್ನೂ ವೇದಿಕೆಯ ಮೇಲೆ ಕೂರಿಸಿದರು. ಸುಘೋಷ, ವಿಭಾ, ಅಭಿರಾಮ, ಕೃಷ್ಣಕುಮಾರ, ತಿಮ್ಮಣ್ಣ. ಕಿರಣ ಕೆಳಗೆ ಮಿಕ್ಸರಿನ ಹತ್ತಿರ ನಿಂತಿದ್ದ. ಸುಘೋಷನ ಗಿಟಾರ್ ಪೆಟ್ಟಿಗೆ ಇನ್ನೂ ಮುಚ್ಚಿಯೇ ಇತ್ತು.

ಅವರು ಪೀಠಿಕೆ ಹಾಕುವವರಲ್ಲ. ಧ್ವನಿ ಹಳೆಯದಲ್ಲ, ಈ ವರ್ಷದ್ದು ಎಂಬುದನ್ನು ಮೊದಲು ಹೇಳಿದರು. ಶ್ರುತಿ ಇಳಿಸಿದ ಮೇಲೆ ಸುಘೋಷ ಹೊಸದಾಗಿ ಎಲ್ಲೂ ರೆಕಾರ್ಡ್ ಮಾಡಿಸಿರಲಿಲ್ಲ. ಹಾಗಾದರೆ ಅದನ್ನು ಹಿಡಿದದ್ದು ಅಭ್ಯಾಸದ ಕೊಟ್ಟಿಗೆಯಲ್ಲಿ, ಬ್ಯಾಂಡಿನ ಒಳಗಿನವರೇ. ಕಿರಣ ಆ ಕಡೆ ಸುಳಿಯುವವನಲ್ಲ. ಕಿರಣನ ನಿಟ್ಟುಸಿರು ಮೈಕಿಲ್ಲದೆಯೂ ಕೇಳಿಸಿತು.

"ಇನ್ನು ಆ ಖಾಲಿ ಜಾಗ" ಎಂದರು. "ಸುಘೋಷನ ಮಾನ ಕಳೀಬೇಕು ಅಂತಿದ್ದವನು ಯಾವುದೋ ಒಂದು ಊರಿನ ಹೆಸರು ಇರೋ ಧ್ವನಿನೇ ಹಾಕ್ತಿದ್ದ. ಆಗ ಮೋಸ ಇನ್ನೂ ಚೆಂದಾಗಿ ಬಯಲಾಗ್ತಿತ್ತು. ಇವನು ಆ ಹೆಸರನ್ನ ತೆಗೆದು ಜಾಗ ಬಿಟ್ಟಿದ್ದಾನೆ. ಯಾಕೆ? ಅಲ್ಲಿ ಸುಘೋಷನೇ ಹಾಡ್ಬೇಕು, ಜನ ಕೊಟ್ಟ ಹೆಸರು ಅವನ ಬಾಯಿಂದಲೇ ಬರ್ಬೇಕು ಅಂತ. ಧ್ವನಿ ಹಾಕಿದ್ದು ಬದಲಿಗೆ ಹಾಡಿಸೋಕಲ್ಲ. ಅವನ ಧ್ವನಿಗೆ ಕೆಳಗಿಂದ ಊರುಗೋಲು ಕೊಡೋಕೆ."

ಇದನ್ನು ಕೇಳಿ ಅಭಿರಾಮನೂ ತಲೆ ಎತ್ತಿದ. ದ್ವೇಷಕ್ಕೆ ಮಾಡಿದ್ದೆಂದು ಹುಡುಕುತ್ತ ಹೋದ ನಮಗೆಲ್ಲ ದಾರಿ ತಪ್ಪಿತ್ತು. ಯಮುನಮ್ಮ ಮುಂದುವರಿಸಿದರು. ತುಂಬಿಟ್ಟ ಧ್ವನಿಗೆ ಕಿವಿ ಇಲ್ಲ, ಅದು ಯಾರಿಗೂ ಕಾಯುವುದಿಲ್ಲ. ಹಾಡು ಮೊದಲಿನಂತೆ ಓಡಿದ್ದರೆ ಅದು ಹಿಂದೆ ಬಿದ್ದು ಗುಟ್ಟು ರಟ್ಟಾಗುತ್ತಿತ್ತು. ಆದ್ದರಿಂದ ಈ ವರ್ಷ ಹಾಡು ಓಡದಂತೆ ಯಾರೋ ಹಗ್ಗ ಹಿಡಿದಿದ್ದರು. ಗಿಟಾರಿನವರಿಂದ ಅದು ಆಗದು, ತಾಳ ಹಿಡಿಯುವವನಿಂದ ಮಾತ್ರ ಆಗುತ್ತದೆ. ಅವನಿಗೂ ಅಳತೆ ತಪ್ಪಬಾರದೆಂದರೆ ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ಇಯರ್‌ಫೋನ್ ಬೇಕು. ಆ ಇಯರ್‌ಫೋನ್ ಕಾಣದಂತೆ ಮಾರ್ಚಿ ಸೆಕೆಯಲ್ಲಿ ಮಫ್ಲರ್ ಬೇಕು. ಕಿವಿ ನೋವಂತೂ ಇಲ್ಲವೆಂದು ಅವನೇ ಹೇಳಿದ್ದ.

ಯಮುನಮ್ಮ ವಿಭಾಳಿಗೆ ಡ್ರಮ್ಸಿನ ಪಕ್ಕದ ಪ್ಯಾಡ್ ತೋರಿಸಿ, ತಟ್ಟು ಅಂದರು. ಅವಳು ಕೋಲಿನಿಂದ ಮೆಲ್ಲಗೆ ತಟ್ಟಿದಳು. ನೀರಿನ ಸದ್ದು ಬಂತು, ಅದರ ಹಿಂದೆಯೇ ಸುಘೋಷನ ಧ್ವನಿ. ಖಾಲಿ ಮೈದಾನದ ತುಂಬ ಅದು ಹರಡಿತು. ದೇವರಾಣೆ, ಅಷ್ಟು ಚೆಂದದ ಧ್ವನಿಯನ್ನು ನಾನು ಈಚೆಗೆ ಕೇಳಿರಲಿಲ್ಲ. ಸುಘೋಷ ತನ್ನ ಹಾಡನ್ನೇ ಬಾಯಿ ಬಿಟ್ಟು ಕೇಳುತ್ತ ಕೂತ.

"ಅಳಿಸಿಬಿಟ್ಟಿದ್ರೆ ನನ್ನ ಹತ್ರ ಸಾಕ್ಷಿ ಇರ್ತಿರಲಿಲ್ಲ ತಿಮ್ಮಣ್ಣ" ಎಂದರು ಯಮುನಮ್ಮ.

"ಕೈ ಬರಲಿಲ್ಲ ಅಮ್ಮಾ" ಎಂದ ತಿಮ್ಮಣ್ಣ. "ಬೆಳಿಗ್ಗೆ ಕೊಟ್ಟಿಗೇಲಿ ಹಾಡಿದ್ದದು. ಬೆಳಿಗ್ಗೆ ಅವನ ಗಂಟಲು ಈಗಲೂ ಹಾಗೇ ಇದೆ. ಅದನ್ನ ಹ್ಯಾಗೆ ಅಳಿಸಲಿ?"

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಆಯುಷ್ಯವೆಲ್ಲ ಸುಘೋಷನ ಬೆನ್ನು ನೋಡಿಕೊಂಡೇ ಡ್ರಮ್ಸ್ ಬಾರಿಸಿದವನು ಅವನು. ಈ ವರ್ಷ ಮೇಲಿನ ಸ್ವರಕ್ಕೆ ಹೋಗುವಾಗ ಆ ಹೆಗಲು ಏರುವುದನ್ನು ಕಂಡ. ಇವತ್ತು ಒಡೆಯುತ್ತದೆ, ನಾಳೆ ಒಡೆಯುತ್ತದೆ ಎಂದು ಹಾಡಿನುದ್ದಕ್ಕೂ ಎದೆ ಹಿಡಿದುಕೊಂಡು ಕೂರುವುದಾಯಿತು. ಜನ ನಗಬಾರದೆಂದು ಧ್ವನಿಯ ಕೆಳಗೆ ಧ್ವನಿ ಇಟ್ಟ, ಅದು ಸುಘೋಷನಿಗೇ ಕೇಳಿಸದಂತೆ, ಕಿರಣನಿಗೂ ಗೊತ್ತಾಗದಂತೆ ನೀರಿನ ಸದ್ದಿನೊಳಗೆ ಇಟ್ಟ. ಕೆಮ್ಮು ಬರುತ್ತದೆಂದು ಮಾತ್ರ ಎಣಿಸಿರಲಿಲ್ಲ. ಗಾಬರಿಯಲ್ಲಿ ಪ್ಯಾಡ್ ಬಂದ್ ಮಾಡುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು.

"ನಂಗೆ ಒಂದು ಮಾತು ಹೇಳಬಾರದಿತ್ತಾ?" ಸುಘೋಷ ಕೇಳಿದ.

"ಎಂತ ಅಂತ ಹೇಳಲಿ? ನಿನ್ನ ಧ್ವನಿ ಹೋಗ್ತಾ ಇದೆ ಅಂತ ನಾನು ಹೇಳ್ಬೇಕಾ? ಆಮೇಲೆ ನೀನು ನಿಲ್ಲಿಸಿಬಿಡ್ತಿದ್ದೆ."

ಸುಘೋಷ ಎದ್ದು ವೇದಿಕೆಯ ಅಂಚಿಗೆ ಹೋಗಿ ಹೊಳೆಯ ಕಡೆ ಮುಖ ಮಾಡಿ ನಿಂತ. ವಿಭಾ ಒಂದು ಉಪಾಯ ಹೇಳಿದಳು. ಯಂತ್ರದ ದೋಷವೆಂದು ಒಂದು ಹೇಳಿಕೆ ಕೊಟ್ಟರೆ ಎಲ್ಲರೂ ಬಚಾವ್, ಅಪ್ಪನ ಹೆಸರೂ ಉಳಿಯುತ್ತದೆ. ನನಗೂ ಅದೇ ಸರಿ ಕಂಡಿತ್ತು. ತಿಮ್ಮಣ್ಣ ಬೇಡವೆಂದ. ತಾನೇ ಜನರ ಮುಂದೆ ತಪ್ಪೊಪ್ಪಿಕೊಂಡು ಬ್ಯಾಂಡ್ ಬಿಟ್ಟು ಹೋಗುತ್ತೇನೆ, ಅಲ್ಲಿಗೆ ಮುಗಿಯಿತು ಎಂದು ಕೋಲುಗಳನ್ನು ಕೆಳಗಿಟ್ಟ. ಸುಘೋಷ ಕೊನೆಗೆ ಹಿಂದಿರುಗಿ ಬಂದು ಗಿಟಾರ್ ಪೆಟ್ಟಿಗೆ ತೆರೆದು ತಂತಿ ಬಿಗಿಯತೊಡಗಿದ.

ಹೊತ್ತು ಇಳಿಯುವಾಗ ಮೈದಾನ ತುಂಬಿತು. ಹಾಡು ಕೇಳಲು ಬಂದವರಿಗಿಂತ ಮೋಸ ಹಿಡಿಯಲು ಬಂದವರೇ ಹೆಚ್ಚಿದ್ದರು. ಎಲ್ಲರ ಕೈಯಲ್ಲೂ ಫೋನು. ಸುಘೋಷ ಬಂದಾಗ ಎಲ್ಲಿಂದಲೋ ಒಂದು ಸಿಳ್ಳೆ, ಎಲ್ಲಿಂದಲೋ ಕೂಗು. ಅವನು ಗಲಾಟೆ ಅಡಗುವವರೆಗೂ ಕಾದ. ಬ್ಯಾಂಡಿನವರನ್ನು ಒಬ್ಬೊಬ್ಬರಾಗಿ ಪರಿಚಯಿಸಿದ. ಅಭಿರಾಮ. ಕೃಷ್ಣಕುಮಾರ, ಅರ್ಧ ರಾಗಗಳು ಇವನವು. ಕೊನೆಗೆ ಹಿಂದೆ ತಿರುಗಿದ. ತಿಮ್ಮಣ್ಣ ತಲೆ ತಗ್ಗಿಸಿ ಕೂತಿದ್ದ.

"ಡ್ರಮ್ಸಿನಲ್ಲಿ ತಿಮ್ಮಣ್ಣ" ಎಂದ ಸುಘೋಷ. "ಹೊಸನಗರದಲ್ಲಿ ನೀವು ಕೇಳಿದ ಇನ್ನೊಂದು ಧ್ವನಿ ಇವನು ಹಾಕಿದ್ದು. ನನ್ನ ಗಂಟಲು ಒಡೀತಾ ಇದೆ, ಅದು ನಿಮಗೆ ಗೊತ್ತಾಗಬಾರದು ಅಂತ ಹಾಕಿದ. ನನಗೆ ಹೇಳದೆ ಹಾಕಿದ, ತಪ್ಪು ಮಾಡಿದ. ನನ್ನ ಮೇಲಿನ ಪ್ರೀತಿಗೆ ಮಾಡಿದ. ಇವನು ಬ್ಯಾಂಡ್ ಬಿಡ್ತೀನಿ ಅಂತಿದ್ದಾನೆ. ಇವನಿಲ್ಲದೆ ನಾನು ಯಾವ ವೇದಿಕೆಯನ್ನೂ ಹತ್ತಲ್ಲ, ಇದನ್ನ ನಿಮ್ಮೆಲ್ಲರ ಮುಂದೆ ಹೇಳ್ತಿದ್ದೀನಿ. ಇವತ್ತು ಇರೋದು ನನ್ನ ಒಂದೇ ಧ್ವನಿ. ಒಡೆದ್ರೆ ಒಡೀಲಿ, ಕೇಳಿ."

ತಿಮ್ಮಣ್ಣ ಅಂಗೈಯಲ್ಲಿ ಕಣ್ಣೊರೆಸಿಕೊಂಡು ತಾಳ ಶುರುಮಾಡಿದ. ಸುಘೋಷ ಹಾಡಿದ. ನಾನು ಯಮುನಮ್ಮನ ಪಕ್ಕ ನಿಂತಿದ್ದೆ. ಮೇಲಿನ ಸ್ವರ ಬಂತು, ಅವನ ಹೆಗಲು ಏರಿತು, ಎಲ್ಲರೆದುರು ಧ್ವನಿ ಒಡೆಯಿತು. ಅವನು ಮುಖ ತಿರುಗಿಸಲಿಲ್ಲ. ಮೈಕಿಗೆ ಇನ್ನೂ ಹತ್ತಿರ ಹೋಗಿ, ಒಡೆದ ಧ್ವನಿಯಲ್ಲೇ ಆ ಸಾಲನ್ನು ಕೊನೆಯವರೆಗೂ ಹಾಡಿದ. ಜನ ಫೋನು ಕೆಳಗಿಳಿಸಿ ಎದ್ದು ನಿಂತರು. ಅವನ ಕಾಲದಲ್ಲಿ ನಾನೂ ಬದುಕಿದ್ದೆ ಎಂದು ನನಗೆ ಹೆಮ್ಮೆಯಾಯಿತು.